ಬೆಳಕೇ ಕತ್ತಲೆಯಾದಾಗ

ಕತ್ತಲೆಯ ಭಯವನ್ನು ಗೆಲ್ಲಲು ಮಾನವನು ಮೊದಲು ಬೆಂಕಿಯನ್ನು ಹೊತ್ತಿಸಿದನು. ಅನಂತರ ಪಂಜು, ಹಣತೆ, ಕಂದೀಲು, ವಿದ್ಯುದ್ದೀಪ ಇವುಗಳನ್ನು ಒಂದೊಂದಾಗಿ ಪಡೆದನು. ಬೆಳಕೆಂದರೆ ಜ್ಞಾನ, ಬೆಳಕೆಂದರೆ ಶುಭ ಎಂದು ಹಿರಿಯರು ಭಾವಿಸಿದುದು ಸಹಜವೇ. ಆದರೆ ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯು ಬೆಳಕಿಗೂ ಸಲ್ಲುತ್ತದೆ. ಮಿತಿ ಮೀರಿದ ಬೆಳಕು ದಾರಿಯನ್ನೇ ಮರೆಮಾಡುತ್ತದೆ. ನಮ್ಮ ರಸ್ತೆಗಳಲ್ಲಿ ಪ್ರತಿ ರಾತ್ರಿಯೂ ಇದಕ್ಕೆ ನಿದರ್ಶನ ದೊರೆಯುತ್ತದೆ.

ಲಾರಿಗಳ ಹಿಂಬದಿಯಲ್ಲಿ 'ಯೂಸ್ ಡಿಪ್ಪರ್ ಅಟ್ ನೈಟ್' ಎಂದು ಬರೆದಿರುವುದನ್ನು ನೋಡದ ವಿದ್ಯಾರ್ಥಿಯೇ ಇರಲಾರನು. ರಾತ್ರಿಯ ವೇಳೆ ಬೇರೊಂದು ವಾಹನದ ಸಮೀಪಕ್ಕೆ ಬಂದಾಗ ದೀಪದ ಬೆಳಕನ್ನು ಕೆಳಕ್ಕೆ ಇಳಿಸಬೇಕೆಂಬ ಕೋರಿಕೆ ಆ ಮಾತಿನಲ್ಲಿದೆ. ಅದನ್ನು ಓದುವವರು ಬಹಳ, ಪಾಲಿಸುವವರು ವಿರಳ. ಏಕೆ ಪಾಲಿಸಬೇಕೆಂಬುದನ್ನು ಅರಿತವರು ಇನ್ನೂ ವಿರಳ. ಅದನ್ನು ಅರಿಯಬೇಕಾದರೆ ವಾಹನದ ದೀಪ, ಮನುಷ್ಯನ ಕಣ್ಣು, ವಾಹನದ ವೇಗ ಈ ಮೂರರ ಸಂಬಂಧವನ್ನು ತಿಳಿಯಬೇಕು.

ಮೊದಲು ದೀಪದ ವಿಷಯವನ್ನು ನೋಡೋಣ. ಮೋಟಾರು ವಾಹನಗಳು ಬಳಕೆಗೆ ಬಂದ ಕಾಲದಲ್ಲಿ ಅವುಗಳಿಗೆ ಸೀಮೆಎಣ್ಣೆಯ ದೀಪಗಳನ್ನೋ ಕಾರ್ಬೈಡ್ ದೀಪಗಳನ್ನೋ ತೂಗುಹಾಕುತ್ತಿದ್ದರು. ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದಾಗ ಹೊರಡುವ ಅಸಿಟಿಲೀನ್ ಅನಿಲವೇ ಆ ದೀಪಗಳಲ್ಲಿ ಉರಿಯುತ್ತಿತ್ತು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿಯು ತನ್ನ ಕಾರುಗಳಿಗೆ ವಿದ್ಯುತ್ತಿನ ಚಾಲನೆ ಮತ್ತು ವಿದ್ಯುದ್ದೀಪಗಳ ವ್ಯವಸ್ಥೆಯನ್ನು ಅಳವಡಿಸಿತು. ವಿದ್ಯುದ್ದೀಪವು ದೂರದ ದಾರಿಯನ್ನು ತೋರಿಸಿತು. ಆದರೆ ಅದರ ಬೆಳಕು ಎದುರಿಗೆ ಬರುವವರ ಕಣ್ಣನ್ನೂ ಕುಕ್ಕತೊಡಗಿತು.

ಈ ತೊಂದರೆಗೆ ಒಂದು ಜಾಣ್ಮೆಯ ಪರಿಹಾರ ದೊರೆಯಿತು. ಜರ್ಮನಿಯ ಓಸ್ರಾಂ ಕಂಪನಿಯು 1920ರ ದಶಕದಲ್ಲಿ 'ಬೈಲಕ್ಸ್' ಎಂಬ ಬಲ್ಬನ್ನು ತಯಾರಿಸಿತು. ಅದರ ಒಂದೇ ಗಾಜಿನ ಬುರುಡೆಯಲ್ಲಿ ಎರಡು ತಂತಿಗಳಿದ್ದುವು. ಒಂದು ತಂತಿ ಉರಿದರೆ ಬೆಳಕು ನೇರವಾಗಿ ದೂರಕ್ಕೆ ಹರಿಯುತ್ತಿತ್ತು. ಇನ್ನೊಂದು ತಂತಿಯ ಕೆಳಗೆ ಲೋಹದ ಪುಟ್ಟ ಬಟ್ಟಲಿನಂಥ ತಡೆಯಿತ್ತು. ಆ ತಡೆಯ ಕಾರಣದಿಂದ ಹಿಂಬದಿಯ ಕನ್ನಡಿಯ ಕೆಳಭಾಗಕ್ಕೆ ಬೆಳಕು ತಾಗುತ್ತಿರಲಿಲ್ಲ. ಮೇಲ್ಭಾಗಕ್ಕೆ ತಾಗಿದ ಬೆಳಕು ಕೆಳಕ್ಕೆ ಬಾಗಿ ನೆಲದ ಮೇಲೆ ಬೀಳುತ್ತಿತ್ತು. ಚಾಲಕನು ಒಂದು ಗುಂಡಿಯನ್ನು ಅದುಮಿದರೆ ಸಾಕು, ದೂರದ ಬೆಳಕು ಹತ್ತಿರದ ಬೆಳಕಾಗುತ್ತಿತ್ತು. ಇಂದು ಚಾಲಕರು 'ಹೈ ಬೀಮ್' ಎನ್ನುವುದು ದೂರದ ಬೆಳಕನ್ನು. 'ಡಿಮ್' ಅಥವಾ 'ಡಿಪ್' ಎನ್ನುವುದು ಹತ್ತಿರದ ಬೆಳಕನ್ನು.

ಅನಂತರದ ವರ್ಷಗಳಲ್ಲಿ ದೀಪದ ಶಕ್ತಿಯು ಹೆಚ್ಚುತ್ತಲೇ ಬಂದಿತು. 1962ರಲ್ಲಿ ಯೂರೋಪಿನ ಕಾರುಗಳಿಗೆ ಹ್ಯಾಲೊಜೆನ್ ದೀಪಗಳು ಬಂದುವು. 1991ರಲ್ಲಿ ಕ್ಸೆನಾನ್ ಅನಿಲದ ದೀಪಗಳೂ 2007ರಲ್ಲಿ ಎಲ್‌ಇಡಿ ದೀಪಗಳೂ ಮೊದಲ ಬಾರಿಗೆ ಕಾರುಗಳ ಮುಂಭಾಗದಲ್ಲಿ ಬೆಳಗಿದುವು. ನೂರು ವರ್ಷಗಳಲ್ಲಿ ದೀಪವು ಹಲವು ಬಾರಿ ಬದಲಾಯಿತು. ಅದನ್ನು ಎದುರಿಸಬೇಕಾದ ಮನುಷ್ಯನ ಕಣ್ಣು ಮಾತ್ರ ಹಿಂದಿನಂತೆಯೇ ಉಳಿಯಿತು.

ಕಣ್ಣಿನ ರಚನೆಯು ಅದ್ಭುತವಾದುದು. ಕತ್ತಲೆಯಲ್ಲಿ ಕಣ್ಣಿನ ಪಾಪೆಯು ಅರಳಿ ಹೆಚ್ಚು ಬೆಳಕನ್ನು ಒಳಕ್ಕೆ ಬಿಡುತ್ತದೆ. ಬೆಳಕಿನಲ್ಲಿ ಕುಗ್ಗಿ ಕಣ್ಣನ್ನು ಕಾಪಾಡುತ್ತದೆ. ಕಣ್ಣಿನ ಹಿಂಬದಿಯ ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವ ಎರಡು ಬಗೆಯ ಜೀವಕೋಶಗಳಿವೆ. ಸುಮಾರು 60 ಲಕ್ಷ ಶಂಕುಕೋಶಗಳು ಹಗಲಿನ ನೋಟಕ್ಕೂ ಬಣ್ಣಗಳ ಅರಿವಿಗೂ ನೆರವಾಗುತ್ತವೆ. ಸುಮಾರು 12 ಕೋಟಿ ದಂಡಕೋಶಗಳು ಮಂದ ಬೆಳಕಿನಲ್ಲಿ ಕೆಲಸ ಮಾಡುತ್ತವೆ. ದಂಡಕೋಶಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯವು ಪ್ರಖರವಾದ ಬೆಳಕಿಗೆ ಸಿಕ್ಕಿದೊಡನೆ ಮಾಸಿಹೋಗುತ್ತದೆ. ಕತ್ತಲೆಯಲ್ಲಿ ಮೆಲ್ಲಮೆಲ್ಲನೆ ಮರಳಿ ಕೂಡಿಕೊಳ್ಳುತ್ತದೆ. ಬಿಸಿಲಿನಿಂದ ಚಿತ್ರಮಂದಿರದೊಳಕ್ಕೆ ಕಾಲಿಟ್ಟವನಿಗೆ ಮೊದಲು ಕುರ್ಚಿಗಳೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪಕ್ಕದವರ ಮುಖವೂ ಕಾಣುತ್ತದೆ. ಕಣ್ಣು ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಬೆಳಕಿಗೆ ಹೊಂದಿಕೊಳ್ಳಲು ಅಷ್ಟು ಕಾಲ ಬೇಡ. ಅಂದರೆ ಕತ್ತಲೆಯ ನೋಟವನ್ನು ಗಳಿಸುವುದು ನಿಧಾನ, ಕಳೆದುಕೊಳ್ಳುವುದು ಶೀಘ್ರ.

ಕಣ್ಣು ಕೋರೈಸುವುದಕ್ಕೆ ಇನ್ನೊಂದು ಕಾರಣವೂ ಉಂಟು. ಹಗಲಿನಲ್ಲಿಯೂ ನಕ್ಷತ್ರಗಳು ಆಕಾಶದಲ್ಲಿಯೇ ಇರುತ್ತವೆ. ಆದರೆ ಸೂರ್ಯನ ಬೆಳಕು ವಾಯುಮಂಡಲದಲ್ಲಿ ಚದರಿ ತೆರೆಯಂತೆ ಹರಡಿಕೊಳ್ಳುವುದರಿಂದ ಅವು ಕಾಣದಾಗುತ್ತವೆ. ಎದುರಿನ ದೀಪದ ಪ್ರಖರ ಬೆಳಕು ಕಣ್ಣನ್ನು ಹೊಕ್ಕಾಗಲೂ ಹೀಗೆಯೇ ಆಗುತ್ತದೆ. ಬೆಳಕಿನ ಒಂದು ಅಂಶವು ಕಣ್ಣಿನೊಳಗೆ ಚದರಿ, ಅಕ್ಷಿಪಟಲದ ಮೇಲೆ ಬೆಳ್ಳನೆಯ ತೆರೆಯೊಂದನ್ನು ಹಾಸುತ್ತದೆ. ರಸ್ತೆಯಲ್ಲಿರುವ ಮಸುಕಾದ ವಸ್ತುಗಳು ಆ ತೆರೆಯ ಹಿಂದೆ ಅಡಗಿಹೋಗುತ್ತವೆ. ವಯಸ್ಸಾದಂತೆ ಕಣ್ಣಿನ ಮಸೂರವು ತನ್ನ ಪಾರದರ್ಶಕತೆಯನ್ನು ಕಳೆದುಕೊಳ್ಳುವುದರಿಂದ ಹಿರಿಯರಿಗೆ, ಅದರಲ್ಲೂ ಕಣ್ಣಿನ ಪೊರೆ ಬೆಳೆಯುತ್ತಿರುವವರಿಗೆ, ಈ ಬಾಧೆ ಹೆಚ್ಚು. ವಾಹನದ ಮುಂಗಾಜಿನ ಮೇಲೆ ಧೂಳು ಕುಳಿತಿದ್ದರೆ ಅದೂ ಬೆಳಕನ್ನು ಚದರಿಸಿ ತೆರೆಯನ್ನು ಇನ್ನಷ್ಟು ದಪ್ಪವಾಗಿಸುತ್ತದೆ.

ಇನ್ನು ವೇಗದ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ದೂರವನ್ನು ಕ್ರಮಿಸುತ್ತದೆ. ಚಾಲಕನ ಕಣ್ಣಿಗೆ ಮೂರು ಸೆಕೆಂಡುಗಳ ಕಾಲ ಏನೂ ಕಾಣದಿದ್ದರೆ ಆ ವಾಹನವು 50 ಮೀಟರುಗಳಷ್ಟು ದೂರ ಕುರುಡಾಗಿ ಓಡಿದಂತಾಯಿತು. ಪುರುಷರ ಕಬಡ್ಡಿ ಅಂಕಣದ ಉದ್ದ 13 ಮೀಟರ್. ಅಂಥ ನಾಲ್ಕು ಅಂಕಣಗಳನ್ನು ಸಾಲಾಗಿ ಇಟ್ಟರೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟು ದೂರ ಅದು. ಎದುರಿನ ವಾಹನವೂ ಅದೇ ವೇಗದಲ್ಲಿ ಬರುತ್ತಿದ್ದರೆ ಅವೆರಡರ ನಡುವಣ ಅಂತರವು ಸೆಕೆಂಡಿಗೆ 33 ಮೀಟರಿನಂತೆ ಕರಗುತ್ತದೆ.

ಈ ಅಂತರದಲ್ಲಿ ಯಾರೂ ಇಲ್ಲದಿದ್ದರೆ ಅಪಾಯವು ಸುಮ್ಮನೆ ಹಾದುಹೋಗಬಹುದು. ಆದರೆ ನಮ್ಮ ಊರುಗಳ ರಸ್ತೆಗಳು ಎಂದೂ ಬರಿದಾಗಿರುವುದಿಲ್ಲ. ರಾತ್ರಿಯ ಪಾಳಿಯಲ್ಲಿ ವಿದ್ಯುತ್ತು ಬಂದಾಗ ಪಂಪುಸೆಟ್ಟನ್ನು ಚಾಲೂ ಮಾಡಲೆಂದು ಕರಿ ಕಂಬಳಿ ಹೊದ್ದ ರೈತನು ಹೊಲದತ್ತ ನಡೆದಿರುತ್ತಾನೆ. ಕಬ್ಬು ಹೇರಿದ ಗಾಡಿಯು ಹಿಂದೀಪವಿಲ್ಲದೆ ಕಾರ್ಖಾನೆಯ ಕಡೆಗೆ ಸಾಗಿರುತ್ತದೆ. ಸಂತೆ ಮುಗಿಸಿದವರೋ ಕೆಲಸ ಮುಗಿಸಿದವರೋ ಸೈಕಲ್ ತುಳಿಯುತ್ತ ಮನೆಗೆ ಮರಳುತ್ತಿರುತ್ತಾರೆ. ಎರಡು ಕಡೆಗಳಿಂದಲೂ ದೀಪಗಳು ಉರಿಯುತ್ತಿರುವಾಗ ನಡುವೆ ಇರುವವನು ಇಬ್ಬರು ಚಾಲಕರಿಗೂ ಕಾಣದೆ ಹೋಗಬಹುದು. ಇಲ್ಲಿ ಇನ್ನೊಂದು ಭ್ರಮೆಯೂ ಕೆಲಸ ಮಾಡುತ್ತದೆ. ದೂರದಿಂದಲೇ ದೀಪವು ತನಗೆ ಸ್ಪಷ್ಟವಾಗಿ ಕಾಣುವುದರಿಂದ ತಾನೂ ಚಾಲಕನಿಗೆ ಕಾಣುತ್ತಿರುವೆನೆಂದು ಪಾದಚಾರಿಯು ನಂಬುತ್ತಾನೆ. ಆ ನಂಬಿಕೆಗೆ ಅವನು ತೆರಬೇಕಾದ ಬೆಲೆ ಅವನ ಪ್ರಾಣವೇ ಆಗಬಹುದು.

2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಸತ್ತವರ ಸಂಖ್ಯೆ 1,68,491 ಎಂದು ಕೇಂದ್ರ ಸರ್ಕಾರದ ವರದಿಯು ತಿಳಿಸುತ್ತದೆ. ಇವೆಲ್ಲಕ್ಕೂ ದೀಪದ ಪ್ರಖರತೆಯೇ ಕಾರಣವಲ್ಲ. ಅತಿವೇಗ, ಮದ್ಯಪಾನ, ನಿದ್ರೆ, ಹಾಳಾದ ರಸ್ತೆ ಇವೂ ಕಾರಣಗಳೇ. ಆದರೆ ದಿನದ ಇತರ ವೇಳೆಗಳಿಗಿಂತ ಸಂಜೆ 6ರಿಂದ ರಾತ್ರಿ 9 ಗಂಟೆಯವರೆಗಿನ ಅವಧಿಯಲ್ಲಿ ಹೆಚ್ಚು ಅಪಘಾತಗಳು ಸಂಭವಿಸುತ್ತವೆ ಎಂಬುದು ಗಮನಿಸಬೇಕಾದ ಅಂಶ. ಜನರು ಮನೆಗೆ ಮರಳುವ ಹೊತ್ತೂ ಕತ್ತಲಾಗುವ ಹೊತ್ತೂ ಆಗ ಒಂದುಗೂಡುತ್ತವೆ.

ಈ ಅಪಾಯವನ್ನು ತಡೆಯಲು ಕಾನೂನು ಸುಮ್ಮನೆ ಕುಳಿತಿಲ್ಲ. 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳು ಇದಕ್ಕೆ ಖಚಿತವಾದ ಅಳತೆಯನ್ನೇ ಕೊಟ್ಟಿವೆ. ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣುಗಳಿರುವ ವ್ಯಕ್ತಿಗೆ ಕೋರೈಸದಂತೆ ಬೆಳಕು ಕೆಳಕ್ಕೆ ಬಾಗಿರಬೇಕು. ಇಲ್ಲವೆ ಹಾಗೆ ಬಾಗಿಸುವ ಸೌಕರ್ಯವು ಚಾಲಕನ ಕೈಯಲ್ಲಿರಬೇಕು. ಹಿಂದೆ ನಮ್ಮ ಬಸ್ಸು ಲಾರಿಗಳ ದೀಪದ ಗಾಜಿನ ಮೇಲೆ ಕಪ್ಪು ಬಣ್ಣವನ್ನು ಬಳಿಯುವ ರೂಢಿಯಿತ್ತು. ಅದರ ಉದ್ದೇಶವೂ ಇದೇ. ಎಂಜಿನಿಯರುಗಳೂ ತಮ್ಮ ಕರ್ತವ್ಯವನ್ನು ಮಾಡಿದ್ದಾರೆ. ತುಮಕೂರು, ಚಿತ್ರದುರ್ಗ, ದಾವಣಗೆರೆಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿಯಂಥ ರಸ್ತೆಗಳ ನಡುಪಟ್ಟಿಯಲ್ಲಿ ಕಣಗಿಲೆಯ ಗಿಡಗಳನ್ನೂ ಕಾಗದದ ಹೂವಿನ ಗಿಡಗಳನ್ನೂ ಬೆಳೆಸುವುದು ಅಲಂಕಾರಕ್ಕೆಂದೇ ಹಲವರು ತಿಳಿದಿದ್ದಾರೆ. ಆ ಗಿಡಗಳು ಎದುರು ದಿಕ್ಕಿನ ವಾಹನಗಳ ಬೆಳಕಿಗೆ ಒಡ್ಡಿದ ಹಸಿರು ಪರದೆಯೂ ಹೌದು. ಎದುರಿನ ವಾಹನವನ್ನು ಗುರುತಿಸಿ ಅದರ ಮೇಲೆ ಬೀಳುವ ಬೆಳಕನ್ನಷ್ಟೇ ತಾನಾಗಿ ತಗ್ಗಿಸುವ ದೀಪಗಳೂ ಈಗ ಕೆಲವು ಕಾರುಗಳಲ್ಲಿವೆ.

ಇಷ್ಟಿದ್ದರೂ ತೊಂದರೆಯು ಕಡಿಮೆಯಾಗಿಲ್ಲ. ಕೆಲವರು ತಮ್ಮ ವಾಹನದ ಹ್ಯಾಲೊಜೆನ್ ಬಲ್ಬನ್ನು ತೆಗೆದು ಅದೇ ಜಾಗದಲ್ಲಿ ಪ್ರಖರವಾದ ಎಲ್‌ಇಡಿ ಬಲ್ಬನ್ನು ಹಾಕಿಸುತ್ತಾರೆ. ದೀಪದ ಕನ್ನಡಿಯ ವಕ್ರತೆಯನ್ನು ಮೂಲ ಬಲ್ಬಿನ ತಂತಿ ಇರುವ ಸ್ಥಾನಕ್ಕೆ ತಕ್ಕಂತೆ ರೂಪಿಸಿರುತ್ತಾರೆ. ಬೆಳಕಿನ ಮೂಲವು ಬೇರೆ ಆಕಾರದ್ದಾದರೆ ಅಥವಾ ಆ ಸ್ಥಾನದಿಂದ ಸ್ವಲ್ಪವೇ ಸರಿದರೆ, ನೆಲಕ್ಕೆ ಬೀಳಬೇಕಾದ ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಆಗ ಡಿಮ್ ಮಾಡಿದರೂ ಕಣ್ಣು ಕೋರೈಸುವುದು ತಪ್ಪುವುದಿಲ್ಲ. ವಾಹನದ ಹಿಂಬದಿಯಲ್ಲಿ ಮಿತಿಮೀರಿ ಹೇರು ತುಂಬಿದರೆ ಮುಂಭಾಗವು ಮೇಲೆದ್ದು ದೀಪದ ಮುಖವೂ ಮೇಲೇಳುತ್ತದೆ. ಇಂಥ ಕಣ್ಣು ಕುಕ್ಕುವ ದೀಪಗಳ ವಿರುದ್ಧ ಕರ್ನಾಟಕದ ಪೊಲೀಸರು 2024ರ ಜುಲೈ ತಿಂಗಳಲ್ಲಿ ರಾಜ್ಯದ ಉದ್ದಗಲಕ್ಕೂ ಮೊಕದ್ದಮೆಗಳನ್ನು ಹೂಡಿದರು.

ಹತ್ತಿರದ ಬೆಳಕಿನಲ್ಲಿ ದಾರಿ ಸಾಕಷ್ಟು ಕಾಣುವುದಿಲ್ಲ ಎಂಬುದು ಹಲವು ಚಾಲಕರ ಆಕ್ಷೇಪಣೆ. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಡಿಮ್ ಮಾಡಿದ ದೀಪವು ಸಾಮಾನ್ಯವಾಗಿ 40–50 ಮೀಟರುಗಳವರೆಗೆ ಚೆನ್ನಾಗಿ ದಾರಿ ತೋರಿಸುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ಕಾರು, ಚಾಲಕನು ಅಪಾಯವನ್ನು ಕಂಡ ಕ್ಷಣದಿಂದ ಪೂರ್ತಿ ನಿಲ್ಲುವ ವೇಳೆಗೆ 60 ಮೀಟರಿಗಿಂತಲೂ ಹೆಚ್ಚು ದೂರ ಸಾಗಿರುತ್ತದೆ. ಆದುದರಿಂದ ದೀಪವನ್ನು ಇಳಿಸಿದಾಗ ವೇಗವನ್ನೂ ಇಳಿಸಬೇಕು. ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲಷ್ಟು ವೇಗವೇ ರಾತ್ರಿಗೆ ತಕ್ಕ ವೇಗ. ಆಗುಂಬೆ, ಚಾರ್ಮಾಡಿಗಳಂಥ ಘಟ್ಟಗಳಲ್ಲಿ ಮಂಜು ಮುಸುಕಿದಾಗಲಂತೂ ದೂರದ ಬೆಳಕು ಮಂಜಿನ ಹನಿಗಳಿಗೆ ತಾಗಿ ಚಾಲಕನ ಕಣ್ಣಿಗೇ ಹಿಂದಿರುಗುತ್ತದೆ. ಅಲ್ಲಿ ಹತ್ತಿರದ ಬೆಳಕೇ ಹೆಚ್ಚು ದಾರಿ ತೋರಿಸುತ್ತದೆ.

ಎದುರಿನವನು ದೀಪವನ್ನು ಇಳಿಸದಿದ್ದಾಗ ಸಿಟ್ಟಿನಿಂದ ತಾನೂ ದೂರದ ಬೆಳಕನ್ನು ಹಾಯಿಸುವ ಚಾಲಕರುಂಟು. ಇದು ಅವಿವೇಕ. ಅದುವರೆಗೆ ಒಬ್ಬನಿಗೆ ಮಾತ್ರ ಕಣ್ಣು ಕಾಣುತ್ತಿರಲಿಲ್ಲ. ಈಗ ಇಬ್ಬರಿಗೂ ಕಾಣದಂತಾಯಿತು! ವಿವೇಕಿಯಾದ ಚಾಲಕನು ತನ್ನ ದೀಪವನ್ನು ಇಳಿಸಿ, ವೇಗವನ್ನು ತಗ್ಗಿಸಿ, ಎದುರಿನ ದೀಪವನ್ನು ದಿಟ್ಟಿಸದೆ ರಸ್ತೆಯ ಎಡ ಅಂಚಿನ ಕಡೆಗೆ ದೃಷ್ಟಿಯನ್ನಿಟ್ಟು ಸಾಗುತ್ತಾನೆ.

ನಡೆದು ಹೋಗುವವರಿಗೂ ಸೈಕಲ್ ಸವಾರರಿಗೂ ಹೊಣೆಯುಂಟು. ಕಾಲುದಾರಿಯಿಲ್ಲದ ರಸ್ತೆಯಲ್ಲಿ ಎದುರಿಗೆ ಬರುವ ವಾಹನಗಳು ಕಾಣುವಂತೆ ಬಲ ಅಂಚಿನಲ್ಲಿ ನಡೆಯಬೇಕು. ರಾತ್ರಿಯ ವೇಳೆ ಬಿಳಿಯ ಅಥವಾ ತಿಳಿ ಬಣ್ಣದ ಬಟ್ಟೆಯನ್ನು ತೊಡುವುದು, ಕೈಯಲ್ಲಿ ಟಾರ್ಚು ಹಿಡಿಯುವುದು ಲೇಸು. ಸೈಕಲ್ಲಿನ, ಎತ್ತಿನ ಗಾಡಿಯ, ಟ್ರಾಕ್ಟರ್ ಟ್ರೇಲರಿನ ಹಿಂಬದಿಗೆ ಕೆಂಪು ಪ್ರತಿಫಲಕವನ್ನು ಅಂಟಿಸಿದರೆ ಅದು ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸಿ ದೂರದಿಂದಲೇ ಎಚ್ಚರಿಸುತ್ತದೆ. ಅದರ ಬೆಲೆ ಅಲ್ಪ. ಅದು ಉಳಿಸುವ ಜೀವಕ್ಕೆ ಬೆಲೆಯಿಲ್ಲ.

ಇನ್ನು ಕೆಲವೇ ವರ್ಷಗಳಲ್ಲಿ ಇಂದಿನ ವಿದ್ಯಾರ್ಥಿಗಳ ಕೈಗೂ ವಾಹನಗಳು ಬರುತ್ತವೆ. ದೀಪವನ್ನು ಇಳಿಸುವ ಗುಂಡಿಯು ಅವರ ಬೆರಳಿನ ತುದಿಯಲ್ಲಿಯೇ ಇರುತ್ತದೆ. ಅದನ್ನು ಒತ್ತಲು ಶ್ರಮವಿಲ್ಲ, ಖರ್ಚಿಲ್ಲ. ಎದುರಿಗೆ ಬರುತ್ತಿರುವ ಅಪರಿಚಿತನು ಮನೆಯನ್ನು ಸುಖವಾಗಿ ಸೇರಲಿ ಎಂಬ ಹಾರೈಕೆಯೊಂದಿದ್ದರೆ ಸಾಕು. ಅವನ ವಾಹನವು ಹಾಯ್ದು ಹೋಗುವುದು ನಮ್ಮ ಪಕ್ಕದಲ್ಲಿಯೇ. ಅವನ ಕಣ್ಣು ಕಂಡರೆ ಮಾತ್ರ ನಮ್ಮ ಪ್ರಾಣವೂ ಕ್ಷೇಮ. ಇನ್ನೊಬ್ಬರ ದಾರಿಯನ್ನು ಕಾಣಗೊಡುವ ಬೆಳಕೇ ನಮ್ಮ ದಾರಿಯನ್ನೂ ಕಾಯುತ್ತದೆ.