ಮೀಟಿಂಗಿನಲ್ಲಿ ನಕ್ಕರು, ಬಾಯಿ ಕಟ್ಟಿಹೋಗಿದೆ

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಈಗ ಐಟಿ ಕಂಪನಿಯಲ್ಲಿದ್ದೇನೆ, ಕೆಲಸದ ಬಗ್ಗೆ ಯಾರದೂ ದೂರಿಲ್ಲ. ಹೋದ ತಿಂಗಳು ಲಂಡನ್ನಿನ ಕ್ಲೈಂಟ್ ಜೊತೆಗಿನ ಕಾಲ್‌ನಲ್ಲಿ ‘ದ ಬ್ಯಾಕಪ್ ಈಸ್ ಆನ್ ದ ಓಲ್ಡ್ ಸರ್ವರ್ ಓನ್ಲಿ’ ಅಂದೆ. ಅವರು ಗಾಬರಿಬಿದ್ದು ಏನೇನೋ ಕೇಳತೊಡಗಿದರು. ಕಾಲ್ ಮುಗಿದ ಮೇಲೆ ನಮ್ಮ ಟೀಮಿನವರೊಬ್ಬರು ಎಲ್ಲರೆದುರು ನನ್ನ ಹಾಗೇ ಮಾತಾಡಿ ತೋರಿಸಿ ನಕ್ಕರು. ಅಲ್ಲಿಂದೀಚೆಗೆ ಮ್ಯೂಟ್‌ನಲ್ಲೇ ಕೂತಿರುತ್ತೇನೆ. ಓನ್ಲಿ, ಜಸ್ಟ್, ರೈಟ್, ಬ್ಯಾಕ್ ಇವನ್ನೆಲ್ಲ ಎಲ್ಲಿ ಸೇರಿಸಬೇಕೋ ತಿಳಿಯುವುದಿಲ್ಲ. ವ್ಯಾಕರಣ ಪುಸ್ತಕ ತಂದರೆ ಪ್ರಿಪೊಸಿಷನ್ನಿಗೆ ಒಂದು ಪಾಠ, ಆಡ್‌ವರ್ಬಿಗೆ ಇನ್ನೊಂದು ಪಾಠ. ಎರಡೂ ಜೊತೆಗೆ ಬಂದಾಗ ಏನು ಮಾಡಬೇಕೆಂದು ಎಲ್ಲೂ ಇಲ್ಲ. ಇಂಗ್ಲಿಷ್ ನನ್ನ ತಲೆಗೆ ಹತ್ತುವುದೇ ಇಲ್ಲವೇನೋ.
– ಹೆಸರು ಬೇಡ, ಬೆಂಗಳೂರು

ಉತ್ತರ: ನಾಲ್ಕು ಜನರ ಮುಂದೆ ನಮ್ಮ ಮಾತನ್ನು ಅಣಕಿಸಿದರೆ ಆಗುವ ನೋವು ಸಣ್ಣದಲ್ಲ. ಲೆಕ್ಕದಲ್ಲಿ ತಪ್ಪಿದರೆ ಲೆಕ್ಕ ತಪ್ಪಿತು ಅಂದುಕೊಂಡು ಸುಮ್ಮನಾಗುತ್ತೇವೆ. ಮಾತಿನಲ್ಲಿ ತಪ್ಪಿದರೆ ಮಾತ್ರ ಓದಿದ ಶಾಲೆ, ಬೆಳೆದ ಮನೆ, ಅಪ್ಪ ಅಮ್ಮ ಎಲ್ಲರನ್ನೂ ಸೇರಿಸಿ ನಕ್ಕ ಹಾಗಾಗುತ್ತದೆ. ನೀವು ಮ್ಯೂಟ್ ಒತ್ತಿ ಕೂತದ್ದು ಹೇಡಿತನವಲ್ಲ, ನೊಂದ ಮನಸ್ಸು ಇನ್ನೊಂದು ಪೆಟ್ಟು ಬೇಡವೆಂದು ಮಾಡಿಕೊಂಡ ಏರ್ಪಾಡು. ಇಂಥ ಪತ್ರಗಳು ನನಗೆ ಆಗಾಗ ಬರುತ್ತವೆ. ಬರೆದವರಲ್ಲಿ ಇಂಗ್ಲಿಷ್ ಪಾಠ ಮಾಡುವ ಮೇಷ್ಟ್ರುಗಳೂ ಇದ್ದಾರೆ.

ಆ ದಿನ ನಿಜವಾಗಿ ಏನಾಯಿತು ಅನ್ನುವುದನ್ನು ಸಾವಧಾನವಾಗಿ ನೋಡೋಣ. ನಿಮ್ಮ ಮನಸ್ಸಿನಲ್ಲಿದ್ದದ್ದು ‘ಬ್ಯಾಕಪ್ ಹಳೇ ಸರ್ವರ್‌ನಲ್ಲೇ ಇದೆ’ ಎಂದು. ‘ಸರ್ವರ್‌ನಲ್ಲೇ’ ಎಂಬುದರ ಕೊನೆಯ ಆ ‘ಏ’ ಕನ್ನಡದಲ್ಲಿ ಒಂಟಿಯಾಗಿ ಬಹಳ ಕೆಲಸ ಮಾಡುತ್ತದೆ. ‘ಇನ್ನೂ ಅಲ್ಲೇ ಇದೆ, ಜಾಗ ಬದಲಿಸಿಲ್ಲ’ ಎನ್ನುವುದಕ್ಕೂ ಅದೇ, ‘ಅಲ್ಲೇ ಇದೆ, ಹುಡುಕಾಡಬೇಡಿ’ ಎನ್ನುವುದಕ್ಕೂ ಅದೇ, ‘ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ’ ಎನ್ನುವುದಕ್ಕೂ ಅದೇ. ದನಿಯಲ್ಲಿ, ಸಂದರ್ಭದಲ್ಲಿ ನಮಗೆ ತಿಳಿದುಹೋಗುತ್ತದೆ. ಇಂಗ್ಲಿಷಿನವರು ಈ ಮೂರಕ್ಕೂ ಬೇರೆ ಬೇರೆ ಮಾತು ಇಟ್ಟುಕೊಂಡಿದ್ದಾರೆ. ಮೊದಲನೆಯದಕ್ಕೆ ‘ಸ್ಟಿಲ್ ಆನ್ ದ ಓಲ್ಡ್ ಸರ್ವರ್’, ಎರಡನೆಯದಕ್ಕೆ ‘ರೈಟ್ ದೇರ್ ಆನ್ ದ ಓಲ್ಡ್ ಸರ್ವರ್’, ಮೂರನೆಯದಕ್ಕೆ ‘ಓನ್ಲಿ ಆನ್ ದ ಓಲ್ಡ್ ಸರ್ವರ್’. ನೀವು ಹೇಳಹೊರಟದ್ದು ಮೊದಲನೆಯದು, ಅವರ ಕಿವಿಗೆ ಬಿದ್ದದ್ದು ಮೂರನೆಯದು. ಇನ್ನೊಂದು ಪ್ರತಿಯೇ ಇಲ್ಲವೆಂದರೆ ಯಾರಿಗಾದರೂ ಗಾಬರಿಯಾಗುತ್ತದೆ. ಅವರು ಹೆದರಿದ್ದು ತಮ್ಮ ಬ್ಯಾಕಪ್ ಬಗ್ಗೆ, ನಿಮ್ಮ ಇಂಗ್ಲಿಷಿನ ಬಗ್ಗೆ ಅಲ್ಲ.

ವಾಕ್ಯದ ಬಾಲಕ್ಕೆ ‘ಓನ್ಲಿ’ ಕಟ್ಟುವುದು ನಿಮ್ಮೊಬ್ಬರ ಅಭ್ಯಾಸವೂ ಅಲ್ಲ. ಹಿಂದಿಯವರು ತಮ್ಮ ‘ಹೀ’ಯನ್ನು ಇಂಗ್ಲಿಷಿಗೆ ತರುವುದೂ ಹೀಗೆಯೇ. ಭಾರತೀಯ ಇಂಗ್ಲಿಷಿನ ಗುರುತುಗಳಲ್ಲಿ ಇದೂ ಒಂದೆಂದು ಭಾಷಾಶಾಸ್ತ್ರದವರು ದಾಖಲಿಸಿದ್ದಾರೆ. ನಿಮ್ಮನ್ನು ನೋಡಿ ನಕ್ಕವರೂ ಕ್ಯಾಂಟೀನಿನಲ್ಲಿ ‘ಐ ಆಮ್ ಲೈಕ್ ದಿಸ್ ಓನ್ಲಿ’ ಅಂದಿರುತ್ತಾರೆ, ಗಮನವಿಟ್ಟು ಕೇಳಿ. ಅಂದಹಾಗೆ, ಈ ‘ಓನ್ಲಿ’ ಎಲ್ಲಿ ನಿಲ್ಲಬೇಕೆಂಬ ಜಗಳ ಇಂಗ್ಲಿಷಿನವರಲ್ಲೇ ಹಳೆಯದು. ಅದು ತಾನು ಒತ್ತುವ ಪದದ ಪಕ್ಕದಲ್ಲೇ ನಿಲ್ಲಬೇಕೆಂದು ಹಟ ಹಿಡಿಯುವ ಪಂಡಿತರನ್ನು ನಿಘಂಟುಕಾರ ಫೌಲರ್ 1926ರ ತಮ್ಮ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲಿ ತರಾಟೆಗೆ ತೆಗೆದುಕೊಂಡಿದ್ದರು.

ಪುಸ್ತಕದ ಬಗೆಗಿನ ನಿಮ್ಮ ದೂರು ಸರಿಯಾದದ್ದೇ. ‘ಬ್ಯಾಕ್’, ‘ಔಟ್’, ‘ಅಪ್’ ಇವನ್ನು ಆಡ್‌ವರ್ಬ್ ಅನ್ನಬೇಕೋ ಪ್ರಿಪೊಸಿಷನ್ ಅನ್ನಬೇಕೋ ಎಂಬುದರಲ್ಲೇ ವಿದ್ವಾಂಸರಿಗೆ ಒಮ್ಮತವಿಲ್ಲ. ಇವನ್ನೆಲ್ಲ ಒಂದೇ ಗುಂಪಿಗೆ ಸೇರಿಸಬಹುದೆಂದು ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಯೆಸ್ಪರ್ಸನ್ 1924ರಲ್ಲೇ ವಾದಿಸಿದ್ದರು. 2002ರಲ್ಲಿ ಬಂದ ಕೇಂಬ್ರಿಜ್ ವ್ಯಾಕರಣದಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ಇವನ್ನು ಪ್ರಿಪೊಸಿಷನ್ನಿನ ಕಡೆಗೇ ಸೇರಿಸಿದರು. ನಿಮಗಾದ ಗೊಂದಲಕ್ಕೆ ದಡ್ಡತನ ಕಾರಣವಲ್ಲ.

ಇನ್ನು, ನಿಮಗೆ ಬರುವುದೇ ಇಲ್ಲ ಅನ್ನುತ್ತೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ‘ಅಪ್ಪ ಎಲ್ಲಿ?’ ಎಂದು ಯಾರಾದರೂ ಕೇಳಿದರೆ ‘ಹೊರಗೆ ಗೇಟಿನ ಹತ್ತಿರ ಇದ್ದಾರೆ’ ಅನ್ನುತ್ತೀರಿ. ‘ತಮ್ಮ ಮೇಲೆ ಟೆರೇಸಿನಲ್ಲಿದ್ದಾನೆ’ ಅನ್ನುತ್ತೀರಿ. ಮೊದಲು ದಿಕ್ಕು, ಆಮೇಲೆ ಜಾಗ. ಇಂಗ್ಲಿಷಿನ ‘ಔಟ್ ಬೈ ದ ಗೇಟ್’, ‘ಅಪ್ ಆನ್ ದ ಟೆರೇಸ್’ ಕೂಡ ಇದೇ ಸಾಲಿನಲ್ಲಿ ಬರುತ್ತವೆ. ಹೊಸದಾಗಿ ಕಲಿಯಬೇಕಾದದ್ದು ಸ್ವಲ್ಪವೇ ಇದೆ, ಅದನ್ನು ಹೇಳುತ್ತೇನೆ.

‘ಸಭೆಗೆ ಎರಡು ದಿನ ಮೊದಲು’ ಎಂಬ ಮಾತನ್ನು ತೆಗೆದುಕೊಳ್ಳಿ. ಇದರಲ್ಲಿ ‘ಸಭೆ’ಯನ್ನು ಎತ್ತಿ ಕೊನೆಗೆ ಇಡಿ, ಉಳಿದದ್ದು ಇದ್ದ ಹಾಗೇ ಇರಲಿ: ‘ಟೂ ಡೇಸ್ ಬಿಫೋರ್ ದ ಮೀಟಿಂಗ್’. ‘ಊಟದ ಸ್ವಲ್ಪ ನಂತರ’ ಎನ್ನುವುದು ‘ಶಾರ್ಟ್ಲಿ ಆಫ್ಟರ್ ಲಂಚ್’. ‘ಬಾಗಿಲಿನ ನೇರ ಎದುರಿಗೆ’ ಎನ್ನುವುದು ‘ಡೈರೆಕ್ಟ್ಲಿ ಆಪೊಸಿಟ್ ದ ಡೋರ್’. ಎಷ್ಟು, ಎಷ್ಟು ನೇರ, ಎಷ್ಟು ಹತ್ತಿರ ಎಂದು ಹೇಳುವ ಪದ ಎರಡೂ ಭಾಷೆಯಲ್ಲಿ ‘ಮೊದಲು’, ‘ನಂತರ’, ‘ಎದುರಿಗೆ’ ಇವುಗಳಿಗೆ ಅಂಟಿಕೊಂಡು ಮುಂಚೆಯೇ ಬರುತ್ತದೆ. ಜಾಗ ಬದಲಿಸುವುದು ನಾಮಪದ ಮಾತ್ರ. ನಾವು ‘ನಟ್ಟನಡುವೆ’ ಎಂದು ಒತ್ತಿ ಹೇಳುವ ಕಡೆ ಅವರಿಗೆ ‘ರೈಟ್’ ಬೇಕು: ‘ರೈಟ್ ಇನ್ ದ ಮಿಡ್ಲ್’. ಇಲ್ಲಿ ಒಂದು ಎಚ್ಚರಿಕೆ. ‘ವೆರಿ ನಿಯರ್ ದ ಗೇಟ್’ ಅನ್ನಬಹುದು, ‘ವೆರಿ ಬಿಹೈಂಡ್ ದ ಗೇಟ್’ ಅನ್ನುವಂತಿಲ್ಲ. ‘ರೈಟ್ ಬಿಹೈಂಡ್’ ಅಥವಾ ‘ಜಸ್ಟ್ ಬಿಹೈಂಡ್’ ಅನ್ನಬೇಕು.

ಇದನ್ನೆಲ್ಲ ಒಂದೇ ಸಲ ಉರು ಹೊಡೆಯಲು ಹೋಗಬೇಡಿ. ಸದ್ಯಕ್ಕೆ ‘ಏ’ ಒಂದರ ಮೇಲೆ ಕಣ್ಣಿಡಿ. ಬಾಯಿಗೆ ‘ಓನ್ಲಿ’ ಬಂದಾಗ, ನಾನು ಹೇಳುತ್ತಿರುವುದು ‘ಬೇರೆಲ್ಲೂ ಇಲ್ಲ’ ಎಂದೇ ಅಥವಾ ‘ಇನ್ನೂ ಅಲ್ಲೇ’ ಎಂದೇ ಎಂದು ಒಳಗೇ ಕೇಳಿಕೊಳ್ಳಿ. ಮೊದಮೊದಲು ಮೇಲ್‌ಗಳಲ್ಲಿ ಮಾಡಿ. ಅಲ್ಲಿ ಯಾರೂ ನಿಮ್ಮನ್ನು ಅವಸರಪಡಿಸುವುದಿಲ್ಲ. ಬೆಂಗಳೂರಿನ ಗೆಳತಿಯರ ಜೊತೆ ‘ಹೋಮ್ ಓನ್ಲಿ’ ಅನ್ನುವುದನ್ನು ದಯವಿಟ್ಟು ನಿಲ್ಲಿಸಬೇಡಿ. ಅಲ್ಲಿ ಅದು ತಪ್ಪಲ್ಲ, ನಮ್ಮ ಮಾತಿನ ಧಾಟಿ.

ಕಾಲ್‌ನಲ್ಲಿ ಮಾತ್ರ ಮೌನ ಮುಂದುವರಿಯದಿರಲಿ. ಸುಮ್ಮನಿದ್ದಷ್ಟೂ ಭಯ ಬೇರು ಬಿಡುತ್ತದೆ. ಶುರುವಿನಲ್ಲೇ ಮ್ಯೂಟ್ ತೆಗೆದು ಮೊದಲೇ ಬರೆದಿಟ್ಟುಕೊಂಡ ಒಂದು ವಾಕ್ಯ ಹೇಳಿಬಿಡಿ, ಕೆಲಸದ ಸ್ಥಿತಿಗತಿಯಾದರೂ ಸರಿ. ಅವತ್ತಿಗೆ ಅಷ್ಟು ಸಾಕು.

ನಕ್ಕವರ ವಿಷಯ. ಅವರ ಮನಸ್ಸಿನಲ್ಲಿ ಕೆಡುಕು ಇತ್ತೆಂದು ನಾನು ಮೊದಲೇ ತೀರ್ಮಾನಿಸುವುದಿಲ್ಲ, ತಮಾಷೆಯ ಭರದಲ್ಲಿ ಮಾಡಿರಬಹುದು. ಒಬ್ಬರೇ ಸಿಕ್ಕಾಗ ‘ಅವತ್ತು ನೀವು ಮಾಡಿ ತೋರಿಸಿದ್ದು ನನಗೆ ಬೇಜಾರಾಯಿತು. ತಪ್ಪಿದ್ದರೆ ಪಕ್ಕಕ್ಕೆ ಕರೆದು ಹೇಳಿ, ತಿದ್ದಿಕೊಳ್ಳುತ್ತೇನೆ’ ಎಂದು ಹೇಳಿ. ಬಹಳ ಜನ ಇಷ್ಟಕ್ಕೇ ನಾಚಿಕೊಳ್ಳುತ್ತಾರೆ. ಆಮೇಲೂ ಮುಂದುವರಿದರೆ ಮ್ಯಾನೇಜರಿಗೋ ಎಚ್‌ಆರ್‌ಗೋ ಬರಹದಲ್ಲಿ ತಿಳಿಸಿ. ಅದು ಚಾಡಿಯಲ್ಲ.

ಕಾಲ್ ಇರುವ ದಿನ ಎದೆ ಡವಗುಟ್ಟುವುದು, ಹಿಂದಿನ ರಾತ್ರಿ ನಿದ್ದೆ ಬಾರದಿರುವುದು, ರಜೆ ಹಾಕಿ ತಪ್ಪಿಸಿಕೊಳ್ಳಬೇಕೆನ್ನಿಸುವುದು ವಾರಗಟ್ಟಲೆ ಹಾಗೇ ಉಳಿದಿದ್ದರೆ ಅದನ್ನು ವ್ಯಾಕರಣದ ಸಮಸ್ಯೆ ಅಂದುಕೊಳ್ಳಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಬಹುದು. ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹತ್ತಿರದ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೇರವಾಗಿ ಕಂಡರೂ ಒಳ್ಳೆಯದೇ.

ಪತ್ರದ ಜೊತೆ ಇಟ್ಟಿದ್ದ ಮೇಲ್‌ನ ಕರಡನ್ನೂ ನೋಡಿದೆ. ‘ಐ ಸೆಂಟ್ ದ ರಿಪೋರ್ಟ್ ಬಿಫೋರ್ ಟೂ ಡೇಸ್’ ಎಂದಿದೆ. ‘ಎರಡು ದಿನದ ಹಿಂದೆ’ ಎಂಬುದನ್ನು ತಿರುಗಿಸಿ ಹಾಗೆ ಬರೆದಿದ್ದೀರಿ. ಇಲ್ಲಿ ‘ಎರಡು ದಿನ’ ಬರೀ ಅಳತೆ, ಕೊನೆಗೆ ಹೋಗಬೇಕಾದ ನಾಮಪದವಲ್ಲ. ಇವತ್ತಿನಿಂದ ಹಿಂದಕ್ಕೆ ಎಣಿಸುವಾಗ ‘ಟೂ ಡೇಸ್ ಅಗೋ’ ಅನ್ನಬೇಕು. ಅದೊಂದನ್ನು ತಿದ್ದಿ, ಉಳಿದದ್ದನ್ನು ಮುಟ್ಟದೆ ಕಳಿಸಿಬಿಡಿ.