ಗುಜರಿ ಒಬ್ಬರದು, ಬಿಲ್ಲು ಮತ್ತೊಬ್ಬರದು

ಬಿಳಿಕಾಲರಿನ ಅಪರಾಧವೆಂದೊಡನೆ ವರ್ತಕ ಬಾಂಧವರಿಗೆ ನೆನಪಾಗುವುದು 2009ರಲ್ಲಿ ಬಯಲಾದ ಸತ್ಯಂ ಕಂಪ್ಯೂಟರ್ಸ್‌ನಂಥ ಹಗರಣ. ಸಣ್ಣ ಎರಕದ ಕಾರ್ಖಾನೆಯ ಗುಜರಿ ಖರೀದಿಯಲ್ಲಿಯೂ ಅಂಥದೇ ಅಪರಾಧವು ಅಡಗಿರಬಹುದೆಂಬುದನ್ನು ಹಲವರು ಅರಿತಿಲ್ಲ.

ನನ್ನಲ್ಲಿಗೆ ಸಲಹೆಗಾಗಿ ಬಂದ ಉದ್ಯಮಿಯೊಬ್ಬರ ವಾದ ಹೀಗಿತ್ತು: "ಸರಕು ನಿಜವಾಗಿ ಬಂದಿದೆ, ಕುಲುಮೆಯಲ್ಲಿ ಕರಗಿದೆ, ಹಣ ಬ್ಯಾಂಕಿನ ಮೂಲಕವೇ ಸಂದಾಯವಾಗಿದೆ; ಮೋಸವೆಲ್ಲಿ ಬಂತು?" ವಾಸ್ತವವಾಗಿ ಗುಜರಿಯು ನೋಂದಣಿಯಿಲ್ಲದ ಸಂಗ್ರಾಹಕರಿಂದ ಬಂದಿತ್ತು. ಬಿಲ್ಲನ್ನು ಕೊಟ್ಟದ್ದು ಆ ಸರಕನ್ನು ಕಣ್ಣಿನಿಂದಲೂ ಕಾಣದ ಬೇರೊಂದು ಸಂಸ್ಥೆ. ಬ್ಯಾಂಕಿಗೆ ಹೋದ ಹಣವು ಕಮಿಷನ್ ಕಳೆದು ನಗದಾಗಿ ಮರಳಿ, ಸಂಗ್ರಾಹಕರ ಕೈ ಸೇರಿತ್ತು.

ಕೇಂದ್ರ ಜಿ.ಎಸ್.ಟಿ. ಅಧಿನಿಯಮ, 2017ರ 132ನೆಯ ಕಲಮಿನಂತೆ ಸರಕು ಪೂರೈಸದೆ ಬಿಲ್ಲು ನೀಡುವುದಷ್ಟೇ ಅಲ್ಲ, ಅಂಥ ಬಿಲ್ಲಿನಿಂದ ಇನ್‌ಪುಟ್ ತೆರಿಗೆ ಜಮೆ ಪಡೆಯುವುದೂ ಅಪರಾಧ. ಜಮೆಯು 2 ಕೋಟಿ ರೂ. ಮೀರಿದರೆ 3 ವರ್ಷಗಳವರೆಗೆ, 5 ಕೋಟಿ ಮೀರಿದರೆ 5 ವರ್ಷಗಳವರೆಗೆ ಕಾರಾವಾಸವುಂಟು. 5 ಕೋಟಿ ಮೀರಿದ ಪ್ರಕರಣ ಜಾಮೀನುರಹಿತ. ಬಿಲ್ಲು ನೀಡಿದವನಿಗೆ 1 ಕೋಟಿ ಮೀರಿದರೇ ಸೆರೆಮನೆಯ ಭಯ. ಈ ಮಿತಿಗಳಿಗಿಂತ ಕೆಳಗಿರುವವರೂ ನಿಶ್ಚಿಂತರಲ್ಲ. ಜಮೆಯನ್ನು ಹಿಂದಿರುಗಿಸುವುದಲ್ಲದೆ ಅಷ್ಟೇ ಮೊತ್ತದ ದಂಡವನ್ನೂ ತೆರಬೇಕಾದೀತು.

ಇದಕ್ಕಿಂತ ಕಠಿಣವಾದದ್ದು ಹೊಣೆಯ ಪ್ರಶ್ನೆ. 135ನೆಯ ಕಲಮಿನಂತೆ ಆರೋಪಿಗೆ ದುರುದ್ದೇಶವಿತ್ತೆಂದು ನ್ಯಾಯಾಲಯವು ಭಾವಿಸುತ್ತದೆ. 137ನೆಯ ಕಲಮಿನಂತೆ ಸಂಸ್ಥೆಯ ಪಾಲುದಾರರೂ, ಅವಿಭಕ್ತ ಕುಟುಂಬದ ಕರ್ತನೂ ತಪ್ಪಿತಸ್ಥರೆನಿಸುತ್ತಾರೆ. ತಮಗೆ ಅರಿವಿರಲಿಲ್ಲ ಅಥವಾ ತಕ್ಕ ಎಚ್ಚರ ವಹಿಸಿದ್ದೆವು ಎಂಬುದನ್ನು ಅವರೇ ರುಜುವಾತುಪಡಿಸಬೇಕು. ಮಡದಿಯನ್ನೋ ವೃದ್ಧ ತಂದೆಯನ್ನೋ ಹೆಸರಿಗೆ ಪಾಲುದಾರರನ್ನಾಗಿಸಿ ಸಹಿ ಪಡೆಯುವ ನಮ್ಮವರು ಇದನ್ನು ಎರಡು ಸಲ ಓದುವುದೊಳಿತು.

ವಿಚಿತ್ರವೆಂದರೆ, ಗುಜರಿಯ ಮಟ್ಟಿಗೆ ಇಂದು ಈ ಕಳ್ಳದಾರಿಯ ಅಗತ್ಯವೇ ಇಲ್ಲ. 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದವರಿಂದ ಲೋಹದ ಗುಜರಿ ಕೊಳ್ಳುವ ನೋಂದಾಯಿತ ವರ್ತಕನೇ ರಿವರ್ಸ್ ಚಾರ್ಜ್ ರೀತ್ಯಾ ತೆರಿಗೆಯನ್ನು ನಗದು ಖಾತೆಯಿಂದ ಕಟ್ಟಿ, ತಾನೇ ಬಿಲ್ಲು ಬರೆದುಕೊಂಡು, ನಿಯಮಾನುಸಾರ ಜಮೆ ಪಡೆಯಬಹುದು. ಆ ಬಿಲ್ಲನ್ನು ಸರಕು ಬಂದ 30 ದಿನಗಳೊಳಗೆ ಬರೆಯತಕ್ಕದ್ದು. ಕೆಲವು ದಿನ ದುಡಿಯುವ ಬಂಡವಾಳ ಸಿಲುಕುವುದು ನಿಜ. ಬಿಲ್ಲಿನ ದಲ್ಲಾಳಿಗೆ ಕೊಡುತ್ತಿದ್ದ ಕಮಿಷನ್ ಉಳಿಯುವುದೂ ನಿಜ.

ನೋಂದಾಯಿತ ಮಾರಾಟಗಾರರಿಂದ ಕೊಳ್ಳುವವರು ಪ್ರತಿ ಬಿಲ್ಲಿಗೂ ತೂಕದ ಚೀಟಿ, ಲಾರಿ ರಸೀದಿ, ಇ-ವೇ ಬಿಲ್ಲುಗಳನ್ನು ಲಗತ್ತಿಸಿ, ಮೂರರಲ್ಲೂ ವಾಹನದ ಸಂಖ್ಯೆ ಒಂದೇ ಆಗಿದೆಯೇ ಎಂದು ತಿಂಗಳ ಕೊನೆಗಲ್ಲ, ಸರಕು ಇಳಿಸುವಾಗಲೇ ನೋಡತಕ್ಕದ್ದು.