ದುಬೈ ಬೆಲೆ, ಮಂಗಳೂರು ಲೆಕ್ಕ

2021ರಲ್ಲಿ ಐಫೋನ್ 13 ಬಂದಾಗ ದುಬೈಯಲ್ಲಿ ಅದರ ಆರಂಭದ ಬೆಲೆ 3,399 ದಿರ್ಹಮ್, ನಮ್ಮಲ್ಲಿ 79,900 ರೂಪಾಯಿ. ಮರುವರ್ಷ 14 ಬಂತು, ಆಮೇಲೆ 15, 2024ರ ಸೆಪ್ಟೆಂಬರ್‌ನಲ್ಲಿ 16. ಪ್ರತಿ ಸಲವೂ ಅಲ್ಲಿ ಅದೇ 3,399, ಇಲ್ಲಿ ಅದೇ 79,900. ಎರಡೂ ಕಡೆ ಬೆಲೆ ಕದಲಲಿಲ್ಲ. ಕದಲಿದ್ದು ರೂಪಾಯಿ ಮಾತ್ರ.

ತಮ್ಮನ ಮಗಳು ಇಂಜಿನಿಯರಿಂಗ್ ಸೇರಿದ ವರ್ಷ ಅವಳಿಗೆ ಫೋನ್ ಕೊಡಿಸುವ ಮಾತು ಬಂತು. ‘ದೊಡ್ಡಪ್ಪ, ಇಲ್ಲೇ ಕಾರ್ಡ್ ಆಫರ್ ಇದೆ, ಐದು ಸಾವಿರ ಕಮ್ಮಿಯಾಗ್ತದೆ’ ಅಂದಳು. 2024ರ ಅಕ್ಟೋಬರ್‌ನಲ್ಲಿ ನಾನು ಶಾರ್ಜಾದ ಅಕ್ಕನ ಮನೆಗೆ ಹೊರಟಿದ್ದೆ. ಹಿಂದೆ, 2021ರ ಕೊನೆಗೆ, ದುಬೈ ಎಕ್ಸ್‌ಪೋ ನೋಡಲು ಹೋದಾಗ ಮಗನಿಗೆಂದು ಅಲ್ಲಿಂದ 13 ತಂದು, ಸುಂಕ ಕಟ್ಟಿದ ಮೇಲೂ ನಾಲ್ಕೂವರೆ ಸಾವಿರದಷ್ಟು ಉಳಿಸಿದ್ದೆ. ಅಲ್ಲಿ ಬೆಲೆ ಏರಿಲ್ಲವಲ್ಲ, ಈ ಸಲವೂ ದುಬೈಯಿಂದಲೇ ತರುವುದು ಎಂದು ನಿರ್ಧರಿಸಿದೆ. ಎಲ್ಲ ಸೇರಿ ಆ ಫೋನ್‌ಗೆ ಬಿದ್ದದ್ದು 89,939 ರೂಪಾಯಿ.

ಈ ಮೊತ್ತ ಹೇಗೆ ಬೆಳೆಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದವಾದೀತು, ಆದರೆ ಒಂದು ಸಾಲು ಬಿಟ್ಟರೂ ಲೆಕ್ಕ ಸುಳ್ಳಾಗುತ್ತದೆ.

ಮೊದಲು 2021. ಆಗ ಡಾಲರ್ 75 ರೂಪಾಯಿಯ ಆಸುಪಾಸು, ದಿರ್ಹಮ್ 20.40. ಮಂಗಳೂರಿನಲ್ಲೇ ನೋಟು ಬದಲಿಸಿಕೊಂಡು ಹೋಗಿದ್ದೆ. ಕೊಟ್ಟ ದರ 20.80. ಆದ್ದರಿಂದ 3,399 ದಿರ್ಹಮ್‌ಗೆ ತಗುಲಿದ್ದು 70,699 ರೂಪಾಯಿ. ವಾಪಸು ಬರುವಾಗ ಬಜ್ಪೆ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್. 2016ರ ಬ್ಯಾಗೇಜ್ ನಿಯಮದ ಪ್ರಕಾರ 50,000 ರೂಪಾಯಿ ತನಕ ಸುಂಕವಿರಲಿಲ್ಲ, ಮೇಲಿನದ್ದಕ್ಕೆ ಸರ್‌ಚಾರ್ಜ್ ಸೇರಿ ಶೇ 38.5. ಮಾರುಕಟ್ಟೆ ದರದಲ್ಲಿ ಫೋನ್ 69,340 ಆಗುತ್ತದೆ. 50,000 ಕಳೆದರೆ ಉಳಿಯುವುದು 19,340, ಅದರ ಶೇ 38.5 ಎಂದರೆ 7,446. ಇನ್ನು ದುಬೈಯ ವ್ಯಾಟ್. 2018ರಿಂದ ಅಲ್ಲಿ ಶೇ 5. ಪ್ರವಾಸಿಗರಿಗೆ ಆಗ ಅದರ ಶೇ 85 ಭಾಗವನ್ನು, 4.80 ದಿರ್ಹಮ್ ಶುಲ್ಕ ಹಿಡಿದುಕೊಂಡು, ವಿಮಾನ ನಿಲ್ದಾಣದಲ್ಲಿ ಹಿಂದಿರುಗಿಸುತ್ತಿದ್ದರು. 3,399ರೊಳಗೆ ಅಡಗಿರುವ ವ್ಯಾಟ್ 161.86, ಕೈಗೆ ಬರುವುದು 132.78 ದಿರ್ಹಮ್, ಅಂದಿನ ದರದಲ್ಲಿ 2,709 ರೂಪಾಯಿ. ಕೂಡಿ ಕಳೆದರೆ 75,436. ಇಲ್ಲಿನ 79,900ಕ್ಕೆ ಹೋಲಿಸಿದರೆ ಉಳಿದದ್ದು 4,464.

ಈಗ 2024. ಡಾಲರ್ 84 ದಾಟಿತ್ತು, ದಿರ್ಹಮ್ 22.90. ಅದೇ 3,399 ಈಗ 77,837. ಮಾಲ್‌ನ ಅಂಗಡಿಯಲ್ಲಿ ಕಾರ್ಡ್ ಕೊಟ್ಟೆ. ಕೌಂಟರಿನ ಹುಡುಗ ಯಂತ್ರವನ್ನು ತನ್ನ ಕಡೆಗೇ ಹಿಡಿದುಕೊಂಡು ಒಂದು ಗುಂಡಿ ಒತ್ತಿದ. ಚೀಟಿ ಬಂದಾಗ ನೋಡಿದರೆ ಮೊತ್ತ ದಿರ್ಹಮ್‌ನಲ್ಲಿಲ್ಲ, ರೂಪಾಯಿಯಲ್ಲಿದೆ: 81,304. ಅಂದರೆ ದಿರ್ಹಮ್ ಒಂದಕ್ಕೆ 23.92. ಅದರ ಮೇಲೆ ನನ್ನ ಬ್ಯಾಂಕು, ವಿದೇಶಿ ಅಂಗಡಿಯಲ್ಲಿ ರೂಪಾಯಿ ಪಾವತಿ ಎಂಬ ಕಾರಣಕ್ಕೆ ಶೇ 1 ಶುಲ್ಕ, ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಹಾಕಿತು. ಅದು 959. ಬಜ್ಪೆಯಲ್ಲಿ ಸುಂಕ: 77,837ರಲ್ಲಿ 50,000 ಕಳೆದು 27,837, ಅದರ ಶೇ 38.5 ಎಂದರೆ 10,717. ವ್ಯಾಟ್ ವಾಪಸು ಬಂದದ್ದು 3,041. ಒಟ್ಟು 89,939. ತಮ್ಮನ ಮಗಳು ಹೇಳಿದ ಆಫರ್‌ನಲ್ಲಿ ಇಲ್ಲೇ ಕೊಂಡಿದ್ದರೆ 74,900. ವ್ಯತ್ಯಾಸ 15,039 ರೂಪಾಯಿ.

ಆ ಗುಂಡಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ‘ನಿಮ್ಮದೇ ಹಣದಲ್ಲಿ ಪಾವತಿಸಿ, ಎಷ್ಟಾಯಿತೆಂದು ಈಗಲೇ ಗೊತ್ತಾಗುತ್ತದೆ’ ಎಂಬುದು ಡಿಸಿಸಿ (ಡೈನಾಮಿಕ್ ಕರೆನ್ಸಿ ಕನ್ವರ್ಷನ್, ಅಂದರೆ ಅಂಗಡಿಯಲ್ಲೇ ಬಿಲ್ಲನ್ನು ನಮ್ಮ ಹಣಕ್ಕೆ ತಿರುಗಿಸುವುದು) ಮಾರುವವರ ಮಾತು. ಗೊತ್ತಾಗುವುದು ನಿಜ. ಗೊತ್ತಾಗುವುದಕ್ಕೇ ಶೇ 4.5ರಷ್ಟು ಹೆಚ್ಚು ಕೊಟ್ಟಿದ್ದೇನೆ. ಇದರಲ್ಲಿ ಗ್ರಾಹಕನಿಗೆ ಸಿಗುವ ಸೇವೆ ಯಾವುದು ಎಂದು ಎಷ್ಟು ಹುಡುಕಿದರೂ ನನಗೆ ಸಿಕ್ಕಿಲ್ಲ. ಕಾರ್ಡು ಕೊಟ್ಟ ಬ್ಯಾಂಕು ಹೇಗೂ ದಿರ್ಹಮ್ಮನ್ನು ರೂಪಾಯಿಗೆ ತಿರುಗಿಸಿ ಕೊಡುತ್ತದೆ. ಅದೇ ಕೆಲಸವನ್ನು ಇನ್ನೊಬ್ಬ ಮೊದಲೇ ಮಾಡಿ, ತನ್ನ ಮನಸ್ಸಿಗೆ ಬಂದ ದರ ಹಾಕಿ, ಲಾಭವನ್ನು ಅಂಗಡಿಯವನ ಜೊತೆ ಹಂಚಿಕೊಳ್ಳುತ್ತಾನೆ. ವೀಸಾ, ಮಾಸ್ಟರ್‌ಕಾರ್ಡ್ ಎರಡರ ನಿಯಮದಲ್ಲೂ ಆಯ್ಕೆ ಕಾರ್ಡುದಾರನದ್ದು, ಅಂಗಡಿಯವನದ್ದಲ್ಲ. ನಿಯಮ ಪುಸ್ತಕದಲ್ಲಿದೆ, ಗುಂಡಿ ಇನ್ನೊಬ್ಬರ ಬೆರಳ ಕೆಳಗಿದೆ. ನನ್ನ ಮಾತು ಇಷ್ಟೇ: ಪರದೇಶದಲ್ಲಿ ಯಂತ್ರದ ಮೇಲೆ ರೂಪಾಯಿ ಚಿಹ್ನೆ ಕಂಡರೆ ಆ ಬಿಲ್ಲನ್ನು ರದ್ದು ಮಾಡಿಸಿ, ಸ್ಥಳೀಯ ಹಣದಲ್ಲೇ ಮತ್ತೆ ಹಾಕಿಸಿ. ಹಿಂದೆ ಸಾಲು ನಿಂತಿದೆ ಎಂದು ಸಂಕೋಚಪಡಬೇಡಿ.

ಹಾಗೆಂದು ಎಲ್ಲ ಹೊರೆಯನ್ನೂ ಆ ಗುಂಡಿಯ ಮೇಲೆ ಹಾಕುವುದು ನ್ಯಾಯವಲ್ಲ. ಎರಡು ಫೋನ್‌ಗಳ ನಡುವಿನ ವ್ಯತ್ಯಾಸ 14,503 ರೂಪಾಯಿ. ಇದರಲ್ಲಿ ಹಣ ಬದಲಿಸುವ ಖರ್ಚು ಹೆಚ್ಚಿದ್ದರಿಂದ ಬಂದದ್ದು 3,067 ಮಾತ್ರ. ಮಿಕ್ಕ 11,436 ದರದಿಂದಲೇ. ದಿರ್ಹಮ್ ಏರಿದ್ದು ಎರಡೂವರೆ ರೂಪಾಯಿ. ಅದರ ನೇರ ಪರಿಣಾಮ 8,497. ಆದರೆ ವಸ್ತು ಸುಂಕದ ಮಿತಿಯನ್ನು ದಾಟಿದ ಮೇಲೆ ಏರಿದ ಪ್ರತಿ ರೂಪಾಯಿಗೂ ಇನ್ನೊಂದು 38.5 ಪೈಸೆ ಸುಂಕ ಬೀಳುತ್ತದೆ. ದರ ಏರಿದ್ದಕ್ಕೆ ನಾವು ಎರಡು ಸಲ ಕೊಡುತ್ತೇವೆ, ಒಮ್ಮೆ ಅಂಗಡಿಯಲ್ಲಿ, ಒಮ್ಮೆ ವಿಮಾನ ನಿಲ್ದಾಣದಲ್ಲಿ. ಯಾವ ಶುಲ್ಕವೂ ಇಲ್ಲದ ಕಾರ್ಡಿನಲ್ಲಿ, ದಿರ್ಹಮ್‌ನಲ್ಲೇ ಕೊಟ್ಟಿದ್ದರೂ ಆ ಫೋನ್ 85,513 ಆಗುತ್ತಿತ್ತು. ಆಫರ್ ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೂ ನಷ್ಟ ನಷ್ಟವೇ.

ಸುಂಕವಿಲ್ಲದ ಮಿತಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. 50,000 ಎಂದು ನಿಗದಿಯಾದ 2016ರಲ್ಲಿ ಡಾಲರ್ 67ರ ಹತ್ತಿರವಿತ್ತು. ಆ 50,000ಕ್ಕೆ ಆಗ 2,740 ದಿರ್ಹಮ್ ಮೌಲ್ಯದ ಸಾಮಾನು ತರಬಹುದಿತ್ತು. 2024ರಲ್ಲಿ ಅದೇ ಮಿತಿ 2,183 ದಿರ್ಹಮ್‌ಗೆ ಇಳಿದಿತ್ತು. ಯಾರೂ ನಿಯಮ ಬದಲಿಸಿರಲಿಲ್ಲ, ಸೂಟ್‌ಕೇಸು ಮಾತ್ರ ಕಿರಿದಾಗಿತ್ತು. 2026ರ ಫೆಬ್ರವರಿಯಲ್ಲಿ ಸರ್ಕಾರ ಮಿತಿಯನ್ನು 75,000ಕ್ಕೆ ಏರಿಸಿತು. ಒಳ್ಳೆಯದೇ. ಆದರೆ ಡಾಲರ್ 90 ಇರುವಾಗ 75,000 ಎಂದರೆ 3,060 ದಿರ್ಹಮ್. 3,399 ದಿರ್ಹಮ್‌ನ ಫೋನ್ ಆಗಲೂ ಮಿತಿಯ ಹೊರಗೇ.

ರೂಪಾಯಿ ಕುಸಿಯಿತು ಎಂದು ಪತ್ರಿಕೆಯಲ್ಲಿ ಬಂದಾಗಲೆಲ್ಲ ಕರಾವಳಿಯ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ‘ಚಿನ್ನ ದುಬೈಯಿಂದ ತರಿಸಿದರೆ ಈಗ ಲಾಭವಾ?’ ರೂಪಾಯಿ ಕುಸಿದರೆ ಚಿನ್ನದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಚಿನ್ನಕ್ಕೆ ಬೆಲೆ ಕಟ್ಟುವುದು ಡಾಲರ್‌ನಲ್ಲಿ. ದಿರ್ಹಮ್ 1997ರಿಂದ ಡಾಲರ್‌ಗೆ 3.6725 ಎಂದು ಕಟ್ಟಿಕೊಂಡು ನಿಂತಿದೆ. ನಾವು ಆಮದು ಮಾಡಿಕೊಳ್ಳುವುದೂ ಡಾಲರ್ ಬೆಲೆಯಲ್ಲೇ. ರೂಪಾಯಿ ಇಳಿದರೆ ದುಬೈಯ ದೇರಾದ ಗೋಲ್ಡ್ ಸೂಕ್‌ನ ಬಳೆಯೂ ಮಂಗಳೂರಿನ ಹಂಪನಕಟ್ಟೆಯ ಬಳೆಯೂ ರೂಪಾಯಿ ಲೆಕ್ಕದಲ್ಲಿ ಒಟ್ಟಿಗೇ ಏರುತ್ತವೆ. ನಡುವಿನ ಅಂತರವನ್ನು ಮುಖ್ಯವಾಗಿ ತೀರ್ಮಾನಿಸುವುದು ನಮ್ಮ ಆಮದು ಸುಂಕ. 2022ರ ಜುಲೈನಲ್ಲಿ ಅದು ಶೇ 15 ಆಯಿತು. 2024ರ ಜುಲೈ ಬಜೆಟ್‌ನಲ್ಲಿ ಶೇ 6ಕ್ಕೆ ಇಳಿಯಿತು. ಆ ಒಂದು ದಿನ ಸುಂಕದ ಅಂತರದಲ್ಲಿ ಒಂಬತ್ತು ಶೇಕಡಾ ಅಂಶ ಕರಗಿ, ದುಬೈ ಚಿನ್ನದ ಆಕರ್ಷಣೆ ಕುಗ್ಗಿತು. ವರ್ಷಗಟ್ಟಲೆ ವಿನಿಮಯ ದರ ಮಾಡದ ಕೆಲಸವದು. ಮೇಲಾಗಿ ಒಡವೆಗೆ ಇರುವ ವಿಶೇಷ ವಿನಾಯಿತಿ ವರ್ಷಕ್ಕೂ ಹೆಚ್ಚು ಹೊರಗೆ ನೆಲೆಸಿ ಬಂದವರಿಗೆ, ವಾರಕ್ಕೆ ಹೋಗಿ ಬಂದವರಿಗಲ್ಲ.

ಆದ್ದರಿಂದ ದರ ಕೆಲಸ ಮಾಡುವುದು ಎಲ್ಲಿ ಎಂದರೆ, ಬೆಲೆ ಹೆಪ್ಪುಗಟ್ಟಿ ಕೂತಲ್ಲಿ. ಮಾರುವವನು ವರ್ಷಕ್ಕೊಮ್ಮೆ ಬೆಲೆ ಬರೆದು ಸುಮ್ಮನಾಗುವ ಫೋನು, ಕ್ಯಾಮೆರಾ, ಗಡಿಯಾರ ಇಂಥವುಗಳಲ್ಲಿ. ಅಲ್ಲೂ ಅದು ನಮ್ಮ ಪರವಾಗಿ ತಿರುಗಬಹುದು. ಜಪಾನನ್ನು ನೋಡಿ. 2021ರ ಆರಂಭದಲ್ಲಿ ಒಂದು ಯೆನ್‌ಗೆ ಸುಮಾರು 70 ಪೈಸೆ. 2024ರ ಜುಲೈನಲ್ಲಿ ಡಾಲರ್‌ಗೆ 161 ಯೆನ್ ಆದಾಗ 52 ಪೈಸೆ. 50,000 ಯೆನ್‌ನ ಲೆನ್ಸ್ ಒಂದು 35,000 ರೂಪಾಯಿಯಿಂದ 26,000ಕ್ಕೆ ಇಳಿದ ಹಾಗೆ, ಅದೂ ಪ್ರವಾಸಿಗರಿಗೆ ಸಿಗುವ ಶೇ 10ರ ತೆರಿಗೆ ವಿನಾಯಿತಿಗೆ ಮೊದಲು. ಆದರೆ ಆ್ಯಪಲ್ ಕಾಯಲಿಲ್ಲ. 2022ರ ಜುಲೈನಲ್ಲೇ ಜಪಾನಿನಲ್ಲಿ ಐಫೋನ್ 13ರ ಬೆಲೆಯನ್ನು 98,800 ಯೆನ್‌ನಿಂದ 1,17,800ಕ್ಕೆ ಏರಿಸಿತು. ದರ ತೆರೆದ ಬಾಗಿಲನ್ನು ಮಾರುವವನು ಯಾವತ್ತು ಬೇಕಾದರೂ ಮುಚ್ಚಬಲ್ಲ.

ನಮ್ಮ ಕಡೆಯ ಒಂದು ಅಭ್ಯಾಸದ ಬಗ್ಗೆಯೂ ಹೇಳಬೇಕು. ಗಲ್ಫ್‌ನಲ್ಲಿರುವವರು ರಜೆಗೆ ಬರುತ್ತಾರೆ ಎಂದು ತಿಳಿದ ಕೂಡಲೇ ಪಟ್ಟಿ ಹೋಗುತ್ತದೆ. ಫೋನ್, ಸೆಂಟ್, ಬಾದಾಮಿ, ಮಕ್ಕಳಿಗೆ ಟ್ಯಾಬ್. ‘ಅಲ್ಲಿ ಅಗ್ಗ ಅಲ್ವಾ’ ಎಂಬುದು ಮೂವತ್ತು ವರ್ಷದ ಹಿಂದಿನ ತಿಳಿವಳಿಕೆ. ಆಗ ಅದು ನಿಜವಾಗಿತ್ತು, ಇಲ್ಲಿ ಆ ಸಾಮಾನೇ ಸಿಗುತ್ತಿರಲಿಲ್ಲ. ಈಗ ಪಟ್ಟಿ ಕಳಿಸುವ ಮೊದಲು ಆ ದಿನದ ದಿರ್ಹಮ್ ದರ ನೋಡುವವರು ಎಷ್ಟು ಜನ? ಅಲ್ಲಿ ನೆಲೆಸಿದವರಿಗೆ ಪ್ರವಾಸಿಗರ ವ್ಯಾಟ್ ವಾಪಸಾತಿಯೂ ಇಲ್ಲ. ಅಲ್ಲಿರುವ ಭಾವ ಪೂರ್ತಿ ಬೆಲೆ ಕೊಟ್ಟು ತರುತ್ತಾರೆ, ಕಸ್ಟಮ್ಸ್ ಮುಂದೆ ಅವರೇ ನಿಲ್ಲುತ್ತಾರೆ, ನಾವು ಮನೆಗೆ ಬಂದಮೇಲೆ ‘ಎಷ್ಟಾಯ್ತು ಭಾವ’ ಎಂದು ಕೇಳಿ ಹಳೆಯ ದರದಲ್ಲಿ ಗುಣಿಸಿ ಕೊಡುತ್ತೇವೆ. ಭಾವ ಏನೂ ಅನ್ನುವುದಿಲ್ಲ. ಅದು ಅವರ ದೊಡ್ಡತನ, ನಮ್ಮ ಉಳಿತಾಯವಲ್ಲ.

ಸುಂಕ ಕಟ್ಟದೆ ಕಸ್ಟಮ್ಸ್‌ನ ಹಸಿರು ದಾರಿಯಲ್ಲಿ (ಗ್ರೀನ್ ಚಾನೆಲ್) ನಡೆದು ಬಂದು ‘ಹತ್ತು ಸಾವಿರ ಉಳಿಸಿದೆ’ ಎನ್ನುವವರೂ ಇದ್ದಾರೆ. ಅದನ್ನು ಉಳಿತಾಯ ಎನ್ನಲು ನಾನು ಒಪ್ಪುವುದಿಲ್ಲ. ಸಿಕ್ಕಿಬಿದ್ದರೆ ಕಟ್ಟಬೇಕಾದ ದಂಡವನ್ನೂ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಮಾತಾಡೋಣ. ಕಾನೂನು ಮುರಿದರೆ ಮಾತ್ರ ಲಾಭವಾಗುವ ಖರೀದಿಯನ್ನು ಮನೆಯ ಮಕ್ಕಳೆದುರು ಜಾಣತನವೆಂದು ಹೇಳಿಕೊಳ್ಳುವುದು ನನಗೆ ನೋವು ತರುತ್ತದೆ.

ಗಲ್ಫ್‌ನಲ್ಲಿ ದುಡಿಯುವವರಿಗೆ ಈ ಲೆಕ್ಕ ತಲೆಕೆಳಗಾಗಿ ನಿಲ್ಲುತ್ತದೆ, ಅದನ್ನು ಅವರು ಗಮನಿಸಬೇಕು. 2021ರಲ್ಲಿ ಮಂಗಳೂರಿನ 79,900 ರೂಪಾಯಿ ಅವರ ಕೈಯ 3,917 ದಿರ್ಹಮ್‌ಗೆ ಸಮ. ಆಗ ಇಲ್ಲಿ ಫೋನ್ ಕೊಳ್ಳುವುದು ಅವರಿಗೆ ಹುಚ್ಚುತನ. 2025ರ ಡಿಸೆಂಬರ್‌ನಲ್ಲಿ ದಿರ್ಹಮ್ 24.50 ಆದಾಗ ಅದೇ 79,900 ಎಂದರೆ 3,261 ದಿರ್ಹಮ್. ಕನ್ನಡಕ, ಹಲ್ಲಿನ ಚಿಕಿತ್ಸೆ, ಮದುವೆಯ ಸೀರೆ ಎಲ್ಲವೂ ಅವರ ಸಂಬಳಕ್ಕೆ ಇಲ್ಲಿ ಅಗ್ಗವಾಗಿವೆ. ಖಾಲಿ ಸೂಟ್‌ಕೇಸು ಹಿಡಿದು ಬರಬೇಕಾದವರು ಈಗ ಅವರು.

2025ರ ಸೆಪ್ಟೆಂಬರ್‌ನಲ್ಲಿ ಐಫೋನ್ 17 ಬಂತು. ದುಬೈಯಲ್ಲಿ ಮತ್ತೆ 3,399 ದಿರ್ಹಮ್, ಇಲ್ಲಿ 82,900 ರೂಪಾಯಿ. ಡಿಸೆಂಬರ್‌ನಲ್ಲಿ ಡಾಲರ್ 90 ದಾಟಿತು, ದಿರ್ಹಮ್ 24.50 ಆಯಿತು. 3,399ನ್ನು 24.50ರಿಂದ ಗುಣಿಸಿದರೆ 83,276. ಕಾರ್ಡಿನ ಶುಲ್ಕ, ಸುಂಕ ಯಾವುದೂ ಸೇರುವ ಮೊದಲೇ ದುಬೈಯ ಫೋನ್ ಮಂಗಳೂರಿನದ್ದಕ್ಕಿಂತ ದುಬಾರಿ. ವ್ಯಾಟ್ ವಾಪಸು ಬರುವ ಮೂರು ಸಾವಿರ ಚಿಲ್ಲರೆ ಕಾರ್ಡಿನ ಶುಲ್ಕಕ್ಕೆ ಸರಿಹೋಗುತ್ತದೆ. ಈ ದರದಲ್ಲಿ ಫೋನ್ ಬೇಕಿದ್ದವರು ನಿಮ್ಮೂರಿನ ಅಂಗಡಿಯಲ್ಲೇ ಕೊಳ್ಳಿ, ಭಾವನಿಗೆ ಪಟ್ಟಿ ಕಳಿಸಬೇಡಿ.